ವಿಶ್ವಕಿರಣದ ಪಾಲೆಷ್ಟು, ಮನುಷ್ಯನ ಪಾಲೆಷ್ಟು? – ಯು. ಆರ್. ರಾವ್ ಅವರ ಲೇಖನವೊಂದರ ಮರುಓದು

ಕೆಲವು ವರ್ಷಗಳ ಹಿಂದೆ ಪ್ರೌಢಶಾಲಾ ವಿಜ್ಞಾನ ಶಿಕ್ಷಕರ ಶಿಬಿರವೊಂದರಲ್ಲಿ ಹವಾಗುಣ ಬದಲಾವಣೆಯ ಬಗ್ಗೆ ಮಾತನಾಡುತ್ತಿದ್ದೆ. ವಾಯುಮಂಡಲದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತಿರುವ ನಕ್ಷೆ ತೋರಿಸಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ಹಿರಿಯ ಶಿಕ್ಷಕರೊಬ್ಬರು ಎದ್ದು ನಿಂತರು. “ಸರ್, ನಮ್ಮ ಯು. ಆರ್. ರಾವ್ ಅವರೇ ಬರೆದಿದ್ದಾರಲ್ಲ, ಭೂಮಿ ಬಿಸಿಯಾಗುವುದರಲ್ಲಿ ನೂರಕ್ಕೆ ನಲವತ್ತು ಪಾಲು ವಿಶ್ವಕಿರಣಗಳದ್ದು ಅಂತ? ಆರ್ಯಭಟ ಉಪಗ್ರಹ ಮಾಡಿದವರು ಅವರು. ಅವರ ಮಾತು ಬಿಟ್ಟು ನಿಮ್ಮ ಮಾತು ನಂಬಬೇಕೆ?” ಸಭೆ ನಕ್ಕಿತು, ನಾನೂ ನಕ್ಕೆ. “ಅದನ್ನು ಹೆಚ್ಚಿನ ವಿಜ್ಞಾನಿಗಳು ಒಪ್ಪಿಲ್ಲ” ಎಂದು ಹೇಳಿ ಮುಂದಿನ ಚಿತ್ರಕ್ಕೆ ಹೋದೆ.

ಅದು ಉತ್ತರವಾಗಿರಲಿಲ್ಲ. ಒಬ್ಬ ದೊಡ್ಡವರ ಮಾತಿಗೆ ಹಲವು ದೊಡ್ಡವರ ಮಾತನ್ನು ಎದುರು ಇಟ್ಟೆ, ಅಷ್ಟೆ. ವಿಜ್ಞಾನದ ತರಗತಿಯಲ್ಲಿ ಕೈ ಎತ್ತಿದವರ ತಲೆ ಎಣಿಸಿ ತೀರ್ಪು ಕೊಡುವುದಾದರೆ ಪ್ರಯೋಗಾಲಯವೇಕೆ? ಆ ಶಿಕ್ಷಕರಿಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಈಗ ಲೆಕ್ಕ ಸಮೇತ ಬರೆಯುವ ಪ್ರಯತ್ನ ಇದು.

ಲೇಖನ ಪ್ರಕಟವಾದದ್ದು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯ 2011ರ ಜನವರಿ 25ರ ಸಂಚಿಕೆಯಲ್ಲಿ. ಮೂರೇ ಪುಟದ ಬರಹ. ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿ, 1984ರಿಂದ 1994ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದ ರಾವ್ ಅವರನ್ನು ನಾವು ಉಪಗ್ರಹಗಳ ತಂತ್ರಜ್ಞರೆಂದೇ ಬಲ್ಲೆವು. ಆದರೆ ಅವರ ಮೊದಲ ಪ್ರೀತಿ ವಿಶ್ವಕಿರಣಗಳ ಅಧ್ಯಯನ. ವಿಕ್ರಮ್ ಸಾರಾಭಾಯಿ ಅವರ ಮಾರ್ಗದರ್ಶನದಲ್ಲಿ ಅವರು ಸಂಶೋಧನೆ ನಡೆಸಿದ್ದು ಇದೇ ವಿಷಯದಲ್ಲಿ. ಅನಂತರ ಅಮೆರಿಕದ ಪಯೊನೀರ್ ಮತ್ತು ಎಕ್ಸ್‌ಪ್ಲೋರರ್ ನೌಕೆಗಳಲ್ಲಿ ಅವರ ಉಪಕರಣಗಳು ಹಾರಿದವು. ಆದ್ದರಿಂದ ವಿಶ್ವಕಿರಣಗಳ ವಿಷಯದಲ್ಲಿ ಅವರು ಹೊರಗಿನವರಾಗಿ ಬಂದು ಮೂಗು ತೂರಿಸಿದರು ಎನ್ನುವಂತಿಲ್ಲ. 2017ರ ಜುಲೈನಲ್ಲಿ ಅವರು ತೀರಿಕೊಂಡಾಗ ಬಂದ ಬರಹಗಳಲ್ಲಿ ಈ ಮೂರು ಪುಟಗಳ ಪ್ರಸ್ತಾಪ ನನ್ನ ಕಣ್ಣಿಗೆ ಬೀಳಲಿಲ್ಲ. ಬಹುಶಃ ಮುಜುಗರ ಬೇಡವೆಂದು ಬಿಟ್ಟಿರಬೇಕು. ಹಾಗೆ ಬಿಡುವುದಕ್ಕಿಂತ ಓದಿ ಪರೀಕ್ಷಿಸುವುದೇ ಅವರಿಗೆ ತೋರುವ ಗೌರವ ಎಂದು ನನ್ನ ಭಾವನೆ.

ಅವರ ವಾದವನ್ನು ಸರಪಳಿಯಂತೆ ಜೋಡಿಸಿ ನೋಡಬಹುದು. ಸೌರವ್ಯೂಹದ ಆಚೆಯಿಂದ ಬರುವ ವಿಶ್ವಕಿರಣಗಳೆಂದರೆ ಬಹುಪಾಲು ವೇಗವಾಗಿ ಧಾವಿಸುವ ಪ್ರೋಟಾನುಗಳು. ಸೂರ್ಯ ಚಟುವಟಿಕೆಯಿಂದಿದ್ದಾಗ, ಅಂದರೆ ಸೌರಕಲೆಗಳು ಹೆಚ್ಚಿದ್ದಾಗ, ಸೌರಮಾರುತ ಹೊತ್ತು ತರುವ ಕಾಂತಕ್ಷೇತ್ರ ಅವನ್ನು ಹೆಚ್ಚಾಗಿ ತಡೆಯುತ್ತದೆ. ಹೀಗಾಗಿ ಸೂರ್ಯ ಚುರುಕಾದರೆ ಭೂಮಿಗೆ ಬರುವ ವಿಶ್ವಕಿರಣ ಕಡಿಮೆ. ವಿಶ್ವಕಿರಣಗಳು ಗಾಳಿಯಲ್ಲಿ ಅಯಾನುಗಳನ್ನು ಉಂಟುಮಾಡುತ್ತವೆ. ಆ ಅಯಾನುಗಳು ಅತಿಸೂಕ್ಷ್ಮ ಕಣಗಳು ಹುಟ್ಟಲು ನೆರವಾಗುತ್ತವೆ. ಆ ಕಣಗಳು ಬೆಳೆದು ಮೋಡಬೀಜಗಳಾಗುತ್ತವೆ. ಕೆಳಮಟ್ಟದ ಮೋಡ ಹೆಚ್ಚುತ್ತದೆ. ಅದು ಬಿಸಿಲನ್ನು ಹಿಂದಕ್ಕೆ ಪ್ರತಿಫಲಿಸಿ ಭೂಮಿಯನ್ನು ತಂಪಾಗಿಡುತ್ತದೆ. ವಿಶ್ವಕಿರಣ ಇಳಿದರೆ ಇದೆಲ್ಲ ತಿರುಗುಮುರುಗು: ಮೋಡ ಕಡಿಮೆ, ಬಿಸಿಲು ಹೆಚ್ಚು. ಮೋಡದ ಹೊದಿಕೆಗೂ ವಿಶ್ವಕಿರಣಗಳಿಗೂ ಸಂಬಂಧವಿದೆ ಎಂದು 1997ರಲ್ಲಿ ಡೆನ್ಮಾರ್ಕಿನ ಸ್ವೆನ್ಸ್‌ಮಾರ್ಕ್ ಮತ್ತು ಫ್ರಿಸ್-ಕ್ರಿಸ್ಟೆನ್‌ಸೆನ್ ಉಪಗ್ರಹ ಚಿತ್ರಗಳ ಆಧಾರದಿಂದ ಹೇಳಿದ್ದರು. ರಾವ್ ಈ ಸಂಬಂಧವನ್ನು ಒಪ್ಪಿಕೊಂಡು, ಧ್ರುವಪ್ರದೇಶದ ಹಿಮದಲ್ಲಿ ಉಳಿದಿರುವ ಬೆರಿಲಿಯಮ್-10ರ ದಾಖಲೆಯನ್ನು ಅದಕ್ಕೆ ಜೋಡಿಸಿದರು. ಬೆರಿಲಿಯಮ್-10 ಎಂಬುದು ವಿಶ್ವಕಿರಣಗಳು ಗಾಳಿಯ ಸಾರಜನಕ, ಆಮ್ಲಜನಕಗಳನ್ನು ಒಡೆದಾಗ ಹುಟ್ಟುವ ವಿಕಿರಣಶೀಲ ಪರಮಾಣು. ಹಿಮದ ಜೊತೆ ಇಳಿದು ಪದರ ಪದರವಾಗಿ ಉಳಿಯುತ್ತದೆ. ವಿಶ್ವಕಿರಣ ಮಾಪಕಗಳಿಲ್ಲದ ಕಾಲಕ್ಕೆ ಅದೇ ಮಾಪಕ. ಈ ದಾಖಲೆಯಂತೆ 150 ವರ್ಷಗಳಲ್ಲಿ ವಿಶ್ವಕಿರಣಗಳ ತೀವ್ರತೆ ಶೇ. 9ರಷ್ಟು ಇಳಿದಿದೆ, ಆ ಇಳಿಕೆಯಿಂದ ಮೋಡ ಕಡಿಮೆಯಾಗಿ ಭೂಮಿಗೆ ಚದರ ಮೀಟರಿಗೆ 1.1 ವ್ಯಾಟ್‌ನಷ್ಟು ಹೆಚ್ಚುವರಿ ಶಕ್ತಿ ದಕ್ಕಿದೆ ಎಂಬುದು ಲೇಖನದ ತೀರ್ಮಾನ.

ಈ ರೀತಿಯ ಹೆಚ್ಚುವರಿ ಶಕ್ತಿಗೆ ರೇಡಿಯೇಟಿವ್ ಫೋರ್ಸಿಂಗ್ ಎಂಬ ಹೆಸರಿದೆ. ಇಲ್ಲಿ ಅನುಕೂಲಕ್ಕಾಗಿ ‘ತಾಪಪ್ರೇರಣೆ’ ಎಂದು ಕರೆಯೋಣ. ಕಾರ್ಬನ್ ಡೈಆಕ್ಸೈಡಿನ ಏರಿಕೆಯಿಂದಾದ ತಾಪಪ್ರೇರಣೆ ಚದರ ಮೀಟರಿಗೆ 1.66 ವ್ಯಾಟ್ ಎಂದು ಐಪಿಸಿಸಿಯ 2007ರ ವರದಿ ಹೇಳಿತ್ತು. 1.1 ಅದರ ಮೂರನೆಯ ಎರಡು ಭಾಗದಷ್ಟಾಗುತ್ತದೆ. ಲೇಖನ ಸ್ಥೂಲವಾಗಿ ಶೇ. 60 ಎನ್ನುತ್ತದೆ. ಹಾಗಾದರೆ ಆ ಶಿಕ್ಷಕರು ಹೇಳಿದ, ಪತ್ರಿಕೆಗಳಲ್ಲೂ ಬಂದ, ಶೇ. 40 ಎಲ್ಲಿಯದು? 1.1ನ್ನೂ 1.66ನ್ನೂ ಕೂಡಿಸಿ, ಆ ಮೊತ್ತದಲ್ಲಿ 1.1ರ ಪಾಲೆಷ್ಟು ಎಂದು ನೋಡಿದರೆ ಸರಿಯಾಗಿ 40 ಬರುತ್ತದೆ. ಒಂದೇ ಅಂಕಿ ಎರಡು ಶೇಕಡಾವಾರು ವೇಷ ತೊಟ್ಟಿದೆ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಎರಡನೆಯ ವೇಷದಲ್ಲಿ ಒಂದು ಊಹೆ ಅಡಗಿ ಕುಳಿತಿದೆ, ಅದಕ್ಕೆ ಆಮೇಲೆ ಬರೋಣ.

ಸರಪಳಿಯ ಕೊಂಡಿಗಳು

ಮೊದಲ ಕೊಂಡಿ ಗಟ್ಟಿ. ಸೂರ್ಯನ ಹನ್ನೊಂದು ವರ್ಷದ ಚಕ್ರಕ್ಕೆ ತಕ್ಕಂತೆ ವಿಶ್ವಕಿರಣಗಳು ಏರಿಳಿಯುವುದನ್ನು ಜಗತ್ತಿನ ಹಲವೆಡೆ ನ್ಯೂಟ್ರಾನ್ ಮಾಪಕಗಳು 1950ರ ದಶಕದಿಂದ ದಾಖಲಿಸುತ್ತಿವೆ. ಕೊನೆಯ ಕೊಂಡಿಯೂ ಗಟ್ಟಿ: ಕೆಳಮಟ್ಟದ ಮೋಡ ಭೂಮಿಯನ್ನು ತಂಪಾಗಿಸುತ್ತದೆ ಎಂಬುದರಲ್ಲಿ ವಿವಾದವಿಲ್ಲ. ತೊಂದರೆ ಇರುವುದು ನಡುವಿನಲ್ಲಿ.

ಅಯಾನುಗಳ ಸುತ್ತ ಹನಿ ಕಟ್ಟುವುದನ್ನು ಕಂಡವರು ವಿಲ್ಸನ್. ಅವರ ಮೋಡಕೋಷ್ಠವನ್ನು ನಾವು ಪದವಿ ತರಗತಿಗಳಲ್ಲಿ ಪಾಠ ಮಾಡುತ್ತೇವೆ. ಹಾಗಾಗಿ ವಿಶ್ವಕಿರಣ ಹಾದುಹೋದಲ್ಲಿ ಮೋಡ ಕಟ್ಟುವುದು ಸಹಜವಲ್ಲವೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಆದರೆ ವಿಲ್ಸನ್ ಕೋಷ್ಠದಲ್ಲಿ ನೀರಾವಿಯ ಅತಿಪರ್ಯಾಪ್ತತೆ ಸಾಮಾನ್ಯ ಪರ್ಯಾಪ್ತ ಮಟ್ಟದ ಕೆಲವು ಪಟ್ಟು ಇರಬೇಕು. ನಿಜವಾದ ಮೋಡದಲ್ಲಿ ಅದು ಶೇ. 1ನ್ನು ದಾಟುವುದೇ ಅಪರೂಪ. ಅಲ್ಲಿ ಬರಿಯ ಅಯಾನಿನ ಮೇಲೆ ಹನಿ ಕಟ್ಟದು. ಐವತ್ತು-ನೂರು ನ್ಯಾನೊಮೀಟರ್ ಗಾತ್ರದ ಬೀಜ ಬೇಕು. ಅಯಾನಿನ ನೆರವಿನಿಂದ ಹುಟ್ಟುವ ಕಣವಾದರೋ ಒಂದೆರಡು ನ್ಯಾನೊಮೀಟರಿನದು. ಅದು ಬೆಳೆಯುವ ದಾರಿಯಲ್ಲಿ ದೊಡ್ಡ ಕಣಗಳಿಗೆ ಅಂಟಿ ಹೆಚ್ಚಿನವು ಕಳೆದುಹೋಗುತ್ತವೆ. ನೂರು ಮೊಳಕೆ ಒಡೆದರೂ ಗದ್ದೆಗೆ ಹೋಗುವುದು ಕೆಲವೇ ಸಸಿ ಎಂದಹಾಗೆ.

ರಾವ್ ಅವರ ಲೇಖನ ಬಂದಾಗ ಇದನ್ನು ಪರೀಕ್ಷಿಸಲು ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ‘ಕ್ಲೌಡ್’ ಎಂಬ ಪ್ರಯೋಗ ಆಗಷ್ಟೇ ನಡೆಯುತ್ತಿತ್ತು. ದೊಡ್ಡ ಉಕ್ಕಿನ ಕೋಷ್ಠದಲ್ಲಿ ಶುದ್ಧ ಗಾಳಿ ತುಂಬಿ, ವೇಗವರ್ಧಕದ ಕಣಪುಂಜವನ್ನು ಕೃತಕ ವಿಶ್ವಕಿರಣದಂತೆ ಹಾಯಿಸುವ ಏರ್ಪಾಡು. 2011ರ ಆಗಸ್ಟ್‌ನಲ್ಲಿ ಬಂದ ಮೊದಲ ಫಲಿತಾಂಶ ಅರ್ಧ ರಾವ್ ಅವರ ಪರ: ಅಯಾನುಗಳಿದ್ದಾಗ ಸೂಕ್ಷ್ಮಕಣಗಳು ಹುಟ್ಟುವ ವೇಗ ಕೆಲವು ಸಂದರ್ಭಗಳಲ್ಲಿ ಎರಡರಿಂದ ಹತ್ತು ಪಟ್ಟು ಹೆಚ್ಚಿತು. ಇನ್ನರ್ಧ ಬರಲು ಐದು ವರ್ಷ ಹಿಡಿಯಿತು. ಪ್ರಯೋಗದ ಅಳತೆಗಳನ್ನು ಇಡೀ ವಾಯುಮಂಡಲದ ಮಾದರಿಗೆ ಹಾಕಿ ನೋಡಿದ 2016ರ ಲೇಖನದ ಪ್ರಕಾರ, ಇಂದಿನ ವಾಯುಮಂಡಲದಲ್ಲಿ ವಿಶ್ವಕಿರಣಗಳ ಏರಿಳಿತದಿಂದ ಮೋಡಬೀಜಗಳ ಸಂಖ್ಯೆಯಲ್ಲಾಗುವ ವ್ಯತ್ಯಾಸ ಹವಾಗುಣವನ್ನು ಗಮನಾರ್ಹವಾಗಿ ಬದಲಿಸುವಷ್ಟಿಲ್ಲ. 2011ರಲ್ಲಿ ಬರೆದವರಿಗೆ 2016ರ ಫಲಿತಾಂಶ ಗೊತ್ತಿರಲು ಸಾಧ್ಯವಿಲ್ಲ. ಆದ್ದರಿಂದ ಇದನ್ನು ಲೇಖನದ ದೋಷವೆಂದು ಎಣಿಸುವುದು ನ್ಯಾಯವಲ್ಲ. ಆದರೆ ಅಂದೇ ಕೈಯಲ್ಲಿದ್ದ ಸಾಮಗ್ರಿಯಿಂದಲೇ ಮಾಡಬಹುದಾಗಿದ್ದ ಒಂದು ಪರೀಕ್ಷೆ ಉಳಿದುಹೋಯಿತು. ನನ್ನ ತಕರಾರು ಇರುವುದು ಅದರ ಬಗ್ಗೆ.

ಸರಳ ತ್ರೈರಾಶಿ ಸಾಕು. 150 ವರ್ಷಗಳಲ್ಲಿ ಶೇ. 9 ಇಳಿದದ್ದಕ್ಕೆ 1.1 ವ್ಯಾಟ್ ಎಂದಾದರೆ, ಶೇ. 15 ಇಳಿದರೆ ಎಷ್ಟು? ಸುಮಾರು 1.8 ವ್ಯಾಟ್. ಶೇ. 15 ಎಂಬುದು ನಾನು ಕಲ್ಪಿಸಿದ ಸಂಖ್ಯೆಯಲ್ಲ. ಉತ್ತರ ಅಕ್ಷಾಂಶಗಳ ನ್ಯೂಟ್ರಾನ್ ಮಾಪಕಗಳಲ್ಲಿ ಪ್ರತಿ ಸೌರಚಕ್ರದಲ್ಲೂ ವಿಶ್ವಕಿರಣಗಳು ಹೆಚ್ಚುಕಡಿಮೆ 15ರಿಂದ 20 ಪಾಲು ಏರಿಳಿಯುತ್ತವೆ. ಅಂದರೆ ಒಂದೂವರೆ ಶತಮಾನದ ಒಟ್ಟು ಇಳಿಕೆಗಿಂತ ದೊಡ್ಡ ಉಯ್ಯಾಲೆ ಹನ್ನೊಂದು ವರ್ಷಕ್ಕೊಮ್ಮೆ ನಮ್ಮ ಕಣ್ಣೆದುರೇ ತೂಗುತ್ತಿದೆ. ರಾವ್ ಅವರ ಸೂತ್ರ ಸರಿಯಾದರೆ, ಹನ್ನೊಂದು ವರ್ಷಕ್ಕೊಮ್ಮೆ ಭೂಮಿಗೆ ಸಿಗುವ ಶಕ್ತಿಯೂ ಚದರ ಮೀಟರಿಗೆ ಎರಡು ವ್ಯಾಟಿನ ಆಸುಪಾಸಿನಲ್ಲಿ ತೂಗಬೇಕು. ಇದು ಕರಾರುವಾಕ್ಕಾದ ಲೆಕ್ಕವಲ್ಲ. ಬೇರೆ ಬೇರೆ ಶಕ್ತಿಯ ಕಿರಣಗಳನ್ನು ಗಣಿಸಿದರೆ ಅಂಕಿ ಬದಲಾದೀತು. ಅರ್ಧಕ್ಕಿಳಿದರೂ ಪ್ರಶ್ನೆ ಉಳಿಯುತ್ತದೆ: ಆ ಉಯ್ಯಾಲೆ ಎಲ್ಲಿ?

‘ಸಾಗರಗಳು ದೊಡ್ಡವು, ನಿಧಾನಕ್ಕೆ ಬಿಸಿಯಾಗುತ್ತವೆ, ಹಾಗಾಗಿ ಹನ್ನೊಂದು ವರ್ಷದ ತೂಗಾಟ ತಾಪದಲ್ಲಿ ಕಾಣಿಸದು’ ಎಂದು ಯಾರಾದರೂ ಹೇಳಬಹುದು. ಒಳ್ಳೆಯ ಆಕ್ಷೇಪಣೆಯೇ. ಇದಕ್ಕೆ ಉತ್ತರ ಹೇಳುವುದು ಒಂದು ಜ್ವಾಲಾಮುಖಿ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಟುಬೊ ಸಿಡಿದಾಗ ಅದು ಸ್ತರಗೋಳಕ್ಕೆ ಚಿಮ್ಮಿಸಿದ ಗಂಧಕದ ಡೈಆಕ್ಸೈಡ್ ಸೂಕ್ಷ್ಮ ಆಮ್ಲಹನಿಗಳ ತೆರೆಯಾಗಿ ಬಿಸಿಲನ್ನು ತಡೆಯಿತು. ಆ ತಡೆ ಅತಿ ಹೆಚ್ಚಿದ್ದಾಗ ಚದರ ಮೀಟರಿಗೆ ಸುಮಾರು 3 ವ್ಯಾಟ್. ಒಂದೆರಡು ವರ್ಷದೊಳಗೆ ಬಹುಪಾಲು ಇಳಿದುಹೋಯಿತು. ಅಷ್ಟು ಅಲ್ಪಾವಧಿಯಲ್ಲೇ ಭೂಮಿಯ ಸರಾಸರಿ ತಾಪ ಹತ್ತಿರ ಹತ್ತಿರ ಅರ್ಧ ಡಿಗ್ರಿ ಸೆಲ್ಸಿಯಸ್ ಇಳಿದು, ಮತ್ತೆ ಚೇತರಿಸಿಕೊಂಡಿತು. ಒಂದೆರಡು ವರ್ಷದ ತೆರೆಗೇ ಸಾಗರ ಇಷ್ಟು ಸ್ಪಂದಿಸುವುದಾದರೆ, ನಾಲ್ಕೈದು ವರ್ಷ ಏರಿ ನಾಲ್ಕೈದು ವರ್ಷ ಇಳಿಯುವ ಎರಡು ವ್ಯಾಟಿನ ತೂಗಾಟಕ್ಕೆ ಸ್ಪಂದಿಸದಿದ್ದೀತೆ? ದಾಖಲೆಯಲ್ಲಿ ಸೌರಚಕ್ರದ ಗುರುತು ಇದೆ ನಿಜ. ಆದರೆ ಅದು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು. ಸೂರ್ಯನ ಬೆಳಕೇ ಚಕ್ರದಲ್ಲಿ ಸಾವಿರಕ್ಕೆ ಒಂದು ಪಾಲು ಹೆಚ್ಚುಕಡಿಮೆಯಾಗುತ್ತದೆ. ಭೂಗೋಳಕ್ಕೆ ಹಂಚಿದರೆ ಅದು ಕಾಲು ವ್ಯಾಟ್. ಆ ಪುಟ್ಟ ಗುರುತಿಗೆ ಅಷ್ಟೇ ಹೆಚ್ಚುಕಡಿಮೆ ಸಾಕು. ಭೂಮಿಗೆ ಬಂದು ಹೋಗುವ ವಿಕಿರಣವನ್ನು 2000ದಿಂದ ‘ಸೆರೆಸ್’ ಉಪಕರಣಗಳು ಉಪಗ್ರಹಗಳಿಂದ ಅಳೆಯುತ್ತಿವೆ; ಎರಡು ಸೌರ ಕನಿಷ್ಠಗಳನ್ನು ಅವು ಕಂಡಿವೆ. ಅಲ್ಲೂ ಎರಡು ವ್ಯಾಟಿನ ಹನ್ನೊಂದು ವರ್ಷದ ತೂಗಾಟ ಕಾಣಿಸಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಪಿನಟುಬೊ ಒಂದು ನೈಸರ್ಗಿಕ ಕಾರಣ. ಅದು ಮನುಷ್ಯನನ್ನು ದೋಷಮುಕ್ತಗೊಳಿಸಲು ಬಂದ ಸಾಕ್ಷಿಯಲ್ಲ, ಆರೋಪಿಸಲು ಬಂದ ಸಾಕ್ಷಿಯೂ ಅಲ್ಲ. ಒಂದು ವ್ಯಾಟಿಗೆ ಭೂಮಿ ಎಷ್ಟು ಸ್ಪಂದಿಸುತ್ತದೆ ಎಂದು ತಿಳಿಸುವ ಅಳತೆಗೋಲು ಅದು. ನೈಸರ್ಗಿಕ ಕಾರಣಗಳನ್ನು ಹವಾಗುಣ ವಿಜ್ಞಾನಿಗಳು ಕಡೆಗಣಿಸುತ್ತಾರೆಂದು ದೂರುವವರು ಇದನ್ನು ಗಮನಿಸುವುದೇ ಇಲ್ಲ.

ಕಾಲಾನುಕ್ರಮದ ತೊಂದರೆಯನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ಹಿಮದ ದಾಖಲೆ ತೋರಿಸುವ ಇಳಿಕೆಯ ಬಹುಭಾಗ 20ನೆಯ ಶತಮಾನದ ನಡುಗಾಲದೊಳಗೆ ಆಗಿಹೋಗಿದೆ. ಭೂಮಿ ವೇಗವಾಗಿ ಬಿಸಿಯಾದದ್ದು 1970ರ ದಶಕದ ಅನಂತರ. 1985ರ ಮೇಲೆ ಸೂರ್ಯನ ಎಲ್ಲ ಪ್ರವೃತ್ತಿಗಳೂ ತಾಪದ ಏರಿಕೆಗೆ ವಿರುದ್ಧ ದಿಕ್ಕಿನಲ್ಲಿವೆ ಎಂದು ಲಾಕ್‌ವುಡ್ ಮತ್ತು ಫ್ರೋಲಿಕ್ 2007ರಲ್ಲೇ, ಅಂದರೆ ರಾವ್ ಅವರ ಲೇಖನಕ್ಕೆ ನಾಲ್ಕು ವರ್ಷ ಮೊದಲೇ, ತೋರಿಸಿದ್ದರು. ಇನ್ನೂ ಹಿಂದಕ್ಕೆ ಹೋದರೆ ಸುಮಾರು 41,000 ವರ್ಷಗಳ ಹಿಂದೆ ಭೂಮಿಯ ಕಾಂತಕ್ಷೇತ್ರವೇ ಕುಸಿದ ‘ಲಾಶಾಂಪ್’ ಘಟನೆ ಇದೆ. ಆಗ ಗ್ರೀನ್‌ಲೆಂಡ್ ಹಿಮದಲ್ಲಿ ಬೆರಿಲಿಯಮ್-10 ಗಣನೀಯವಾಗಿ ಏರಿದೆ. ಅದಕ್ಕೆ ಸರಿಸಮನಾದ ತಂಪಿನ ಗುರುತು ಅದೇ ಹಿಮದಲ್ಲಿ ಇಲ್ಲ. ಪ್ರಕೃತಿಯೇ ನಮಗಾಗಿ ಮಾಡಿಟ್ಟ ಪ್ರಯೋಗ ಇದು.

ಹಗಲು-ರಾತ್ರಿಯ ಸಾಕ್ಷ್ಯವೂ ಒಂದಿದೆ. ಕೆಳಮಟ್ಟದ ಮೋಡ ಕಡಿಮೆಯಾದರೆ ಹಗಲು ಬಿಸಿಲೇರುತ್ತದೆ, ರಾತ್ರಿ ಶಾಖ ಸಲೀಸಾಗಿ ಹೊರಗೆ ಹೋಗುತ್ತದೆ. ಮೋಡವಿಲ್ಲದ ಚಳಿಗಾಲದ ರಾತ್ರಿ ಎಷ್ಟು ಕೊರೆಯುತ್ತದೆಂದು ಬಯಲುಸೀಮೆಯವರಿಗೆ ಹೇಳಬೇಕಾಗಿಲ್ಲ. ಹಾಗಾದರೆ ಹಗಲಿನ ತಾಪ ರಾತ್ರಿಯದಕ್ಕಿಂತ ಹೆಚ್ಚು ಏರಬೇಕಿತ್ತು. 1950ರಿಂದ ಈಚಿನ ಭೂಪ್ರದೇಶದ ದಾಖಲೆಯಲ್ಲಿ ರಾತ್ರಿಯ ಕನಿಷ್ಠ ತಾಪವೇ ಹೆಚ್ಚು ಏರಿದೆ. ಸ್ತರಗೋಳ ತಂಪಾಗಿರುವುದನ್ನೂ ಕೆಲವರು ಇಲ್ಲಿ ಸೇರಿಸುತ್ತಾರೆ. ನಾನು ಸೇರಿಸಲಾರೆ. ಅದು ‘ಸೂರ್ಯನ ಬೆಳಕೇ ಹೆಚ್ಚಿದೆ’ ಎಂಬ ವಾದಕ್ಕೆ ವಿರುದ್ಧವಾದ ಸಾಕ್ಷ್ಯ. ಮೋಡದ ವಾದವನ್ನು ಅದು ನೇರವಾಗಿ ತಳ್ಳಿಹಾಕದು, ವಿವರಿಸದೆ ಬಿಡುತ್ತದೆ ಅಷ್ಟೆ. ನಮ್ಮ ಪಕ್ಷಕ್ಕೆ ಅನುಕೂಲವೆಂದು ಕಂಡದ್ದನ್ನೆಲ್ಲ ಒಂದೇ ಚೀಲಕ್ಕೆ ತುಂಬುವುದು ಸರಿಯಲ್ಲ.

ಪಾಲು ಹಂಚುವ ತಪ್ಪು

ಶೇ. 40ರಲ್ಲಿ ಅಡಗಿದ ಊಹೆಗೆ ಈಗ ಬರೋಣ. 1.1 ಮತ್ತು 1.66ನ್ನು ಕೂಡಿಸಿ ಪಾಲು ತೆಗೆದಾಗ, ಭೂಮಿಯನ್ನು ಬಿಸಿಮಾಡುವವರು ಇವರಿಬ್ಬರೇ ಎಂದಾಯಿತು. ಅದೇ ಐಪಿಸಿಸಿ ಪಟ್ಟಿಯಲ್ಲಿ ಮೀಥೇನಿಗೆ 0.48, ನೈಟ್ರಸ್ ಆಕ್ಸೈಡಿಗೆ 0.16, ಹ್ಯಾಲೊಕಾರ್ಬನ್ನುಗಳಿಗೆ 0.34 ವ್ಯಾಟ್ ಇದ್ದವು. ಇನ್ನೊಂದು ಕಡೆ ಹೊಗೆ, ದೂಳು, ಸಲ್ಫೇಟ್ ಮೊದಲಾದ ತೇಲುಕಣಗಳಿಂದ ಒಟ್ಟು ಒಂದು ವ್ಯಾಟಿಗೂ ಮೇಲ್ಪಟ್ಟು ತಂಪು. ಇವೆಲ್ಲ ಮನುಷ್ಯನವೇ. ಎಲ್ಲ ಕೂಡಿ ಕಳೆದರೆ 1.6 ಉಳಿಯುತ್ತಿತ್ತು, ಕಾರ್ಬನ್ ಡೈಆಕ್ಸೈಡ್ ಒಂದರದೇ 1.66 ಆಗಿರುವುದು ಕಾಕತಾಳೀಯ. ಆ ಕಾಕತಾಳೀಯದಿಂದ ಎರಡೂ ಒಂದೇ ಎಂಬ ಭ್ರಮೆ ಹುಟ್ಟುತ್ತದೆ.

ಆದರೆ ಇದಕ್ಕಿಂತ ಆಳದ ತೊಡಕು ಬೇರೆ. ಬಚ್ಚಲುಮನೆಯ ಹಂಡೆಯನ್ನು ನೆನೆಯಿರಿ. ಒಲೆಗೆ ಸೌದೆ ಹಾಕಿದ್ದೀರಿ, ಮೇಲೆ ಮುಚ್ಚಳ ಮುಚ್ಚಿದ್ದೀರಿ. ನೀರು ಕಾದಿದೆ. ಬಿಸಿಯಲ್ಲಿ ಬೆಂಕಿಯ ಪಾಲೆಷ್ಟು, ಮುಚ್ಚಳದ ಪಾಲೆಷ್ಟು? ಬೆಂಕಿಯಿಲ್ಲದಿದ್ದರೆ ಮುಚ್ಚಳಕ್ಕೆ ತಡೆಯಲು ಶಾಖವೇ ಇಲ್ಲ. ಪ್ರಶ್ನೆಯನ್ನು ಹೀಗೆ ಕೇಳಬೇಕು: ಇವತ್ತು ನಿನ್ನೆಗಿಂತ ನೀರು ಹೆಚ್ಚು ಬಿಸಿಯಾದದ್ದೇಕೆ, ಸೌದೆ ಹೆಚ್ಚಿತೇ, ಮುಚ್ಚಳ ಬಿಗಿಯಾಯಿತೇ? ಸೌದೆ ನಿನ್ನೆಯಷ್ಟೇ ಇದೆ ಎಂದು ಅಳೆದು ನೋಡಿದ್ದರೆ ಉತ್ತರ ಸ್ಪಷ್ಟ. ಇನ್ನೊಂದು ವಿಷಯ: ಸೌದೆಯೂ ಹೆಚ್ಚಿದೆ ಎಂದು ಹೊಸದಾಗಿ ಗೊತ್ತಾದರೆ ಮುಚ್ಚಳ ಸಡಿಲವಾಗುವುದಿಲ್ಲ. ಕಾರ್ಬನ್ ಡೈಆಕ್ಸೈಡಿನ ತಾಪಪ್ರೇರಣೆ ಆ ಅನಿಲದ ಅಣುಗಳು ಯಾವ ತರಂಗಾಂತರದ ವಿಕಿರಣವನ್ನು ಎಷ್ಟು ಹೀರುತ್ತವೆ ಎಂಬುದರಿಂದ ಬಂದದ್ದು, ಪ್ರಯೋಗಾಲಯದಲ್ಲಿ ಅಳೆದದ್ದು. ವಿಶ್ವಕಿರಣಕ್ಕೆ ಎಷ್ಟೇ ಪಾಲು ಕೊಟ್ಟರೂ ಅದು ಕಡಿಮೆಯಾಗದು. ಬದಲಾಗುವುದು ಒಂದು ವ್ಯಾಟಿಗೆ ಭೂಮಿ ಎಷ್ಟು ಸ್ಪಂದಿಸುತ್ತದೆ ಎಂಬ ನಮ್ಮ ಅಂದಾಜು. ರೊಟ್ಟಿ ಹಂಚಿದಂತೆ ಒಬ್ಬರಿಗೆ ಹೆಚ್ಚಾದರೆ ಇನ್ನೊಬ್ಬರಿಗೆ ಕಡಿಮೆ ಎಂಬ ಲೆಕ್ಕ ಇಲ್ಲಿ ನಡೆಯದು.

ನೈಸರ್ಗಿಕ ಮತ್ತು ಮಾನವ ಕಾರಣಗಳು ಒಂದರೊಳಗೊಂದು ಹೆಣೆದುಕೊಂಡಿರುವುದು ಇಲ್ಲಿಯೇ. ಹಿಮಯುಗಗಳು ಬಂದು ಹೋದದ್ದು ಭೂಮಿಯ ಕಕ್ಷೆ ಮತ್ತು ಅಕ್ಷದ ನಿಧಾನದ ಬದಲಾವಣೆಗಳಿಂದ ಎಂದು ಪಾಠಪುಸ್ತಕಗಳಲ್ಲಿದೆ. ಸರಿ. ಆದರೆ ಆ ಬದಲಾವಣೆ ಬಿಸಿಲನ್ನು ಋತುಗಳ ನಡುವೆ, ಅಕ್ಷಾಂಶಗಳ ನಡುವೆ ಹಂಚುವ ರೀತಿಯನ್ನು ಬದಲಿಸುತ್ತದೆಯೇ ಹೊರತು ವರ್ಷದ ಒಟ್ಟು ಬಿಸಿಲನ್ನು ಹೆಚ್ಚೇನೂ ಬದಲಿಸದು. ಉತ್ತರದಲ್ಲಿ ಸ್ವಲ್ಪ ಹಿಮ ಕರಗಿತು. ಸಾಗರ ಬೆಚ್ಚಗಾಗಿ ತನ್ನಲ್ಲಿದ್ದ ಕಾರ್ಬನ್ ಡೈಆಕ್ಸೈಡನ್ನು ಬಿಟ್ಟಿತು. ಅದು ಇಡೀ ಭೂಮಿಯನ್ನು ಇನ್ನಷ್ಟು ಬಿಸಿಮಾಡಿತು. ಅಲ್ಲಿ ಕಿಡಿ ಕಕ್ಷೆಯದು, ಉರಿ ಬಹುಪಾಲು ಅನಿಲದ್ದು ಮತ್ತು ಹಿಮದ್ದು. ‘ಹಳೆಯ ಹಿಮದಲ್ಲಿ ತಾಪ ಮೊದಲು ಏರಿ ಕಾರ್ಬನ್ ಡೈಆಕ್ಸೈಡ್ ಆಮೇಲೆ ಏರಿದೆ, ಆದ್ದರಿಂದ ಅನಿಲ ಕಾರಣವಲ್ಲ’ ಎಂದು ವಾದಿಸುವವರು ಕಿಡಿಗೂ ಉರಿಗೂ ವ್ಯತ್ಯಾಸ ಮಾಡುವುದಿಲ್ಲ. ಇಂದು ಕಿಡಿ ಹೊತ್ತಿಸುತ್ತಿರುವುದು ನಮ್ಮ ಕಲ್ಲಿದ್ದಲು, ಪೆಟ್ರೋಲು. ಆದರೆ ಅದನ್ನು ಹಿಗ್ಗಿಸುವ ನೀರಾವಿ, ಹಿಮ, ಮೋಡ ಎಲ್ಲವೂ ಪ್ರಕೃತಿಯವೇ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿಯಬಲ್ಲ ನೀರಾವಿ ಶೇ. 7ರಷ್ಟು ಹೆಚ್ಚುತ್ತದೆ, ನೀರಾವಿಯೂ ಹಸಿರುಮನೆ ಅನಿಲ. ಆ ನೀರಾವಿಯನ್ನು ಯಾರ ಲೆಕ್ಕಕ್ಕೆ ಬರೆಯುತ್ತೀರಿ?

ಇನ್ನೂ ಹತ್ತಿರದ ಉದಾಹರಣೆ 2024ರದು. ಆ ವರ್ಷ ವಾಯುಮಂಡಲದ ಕಾರ್ಬನ್ ಡೈಆಕ್ಸೈಡ್ ಹಿಂದಿನ ವರ್ಷಕ್ಕಿಂತ ದಶಲಕ್ಷಕ್ಕೆ 3.5 ಭಾಗ ಏರಿ 423.9ಕ್ಕೆ ಮುಟ್ಟಿತು. ಆಧುನಿಕ ಅಳತೆಗಳು ಆರಂಭವಾದಂದಿನಿಂದ ಒಂದು ವರ್ಷದಲ್ಲಿ ಇಷ್ಟು ಏರಿದ್ದಿಲ್ಲ. ನಾವು ಸುಟ್ಟ ಇಂಧನ ಆ ಒಂದೇ ವರ್ಷದಲ್ಲಿ ಅಷ್ಟು ಹೆಚ್ಚಿತೇ? ಇಲ್ಲ. ನಾವು ಬಿಡುವ ಅನಿಲದಲ್ಲಿ ಅರ್ಧದಷ್ಟನ್ನು ಕಾಡು ಮತ್ತು ಕಡಲು ಹೀರಿಕೊಳ್ಳುತ್ತವೆ. 2023-24ರ ಎಲ್ ನಿನೊ ತಂದ ಬಿಸಿ, ಬರ, ಕಾಳ್ಗಿಚ್ಚುಗಳಿಂದ ನೆಲದ ಹೀರುವಿಕೆ ಕುಗ್ಗಿತು. ಎಲ್ ನಿನೊ ನೈಸರ್ಗಿಕ. ಅದು ಹಿಗ್ಗಿಸಿದ ರಾಶಿ ನಮ್ಮದು. ಕೈಗಾರಿಕಾಪೂರ್ವ ಕಾಲಕ್ಕೆ ಹೋಲಿಸಿದರೆ ಆ ವರ್ಷದ ಸರಾಸರಿ ತಾಪ ಸುಮಾರು 1.55 ಡಿಗ್ರಿ ಹೆಚ್ಚು ಇತ್ತೆಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ. ಅದರಲ್ಲಿ ಎಲ್ ನಿನೊದ ಕೈವಾಡವೂ ಇದೆ. ದೀರ್ಘಾವಧಿಯ ಸರಾಸರಿ ತೆಗೆದಾಗ ಇಂಥ ಏರಿಳಿತ ಕಳೆದುಹೋಗುತ್ತದೆ. 2010-19ರ ದಶಕಕ್ಕೆ ಐಪಿಸಿಸಿಯ 2021ರ ವರದಿ ಕೊಟ್ಟ ಲೆಕ್ಕದಲ್ಲಿ ಮನುಷ್ಯನಿಂದಾದ ತಾಪವೃದ್ಧಿ 1.07 ಡಿಗ್ರಿ, ಸೂರ್ಯ ಮತ್ತು ಜ್ವಾಲಾಮುಖಿಗಳದು ಸೊನ್ನೆಯ ಆಚೀಚೆ ಹತ್ತನೆಯ ಒಂದು ಡಿಗ್ರಿ.

ಮೋಡದ ವಿಷಯದಲ್ಲಿ ರಾವ್ ಅವರ ಮೂಗು ಸರಿಯಾದ ಕಡೆಗೇ ತಿರುಗಿತ್ತು ಎಂದು ಒಪ್ಪಬೇಕು. ಹವಾಗುಣದ ಲೆಕ್ಕಾಚಾರದಲ್ಲಿ ಇಂದಿಗೂ ಅತಿ ಹೆಚ್ಚು ಅನಿಶ್ಚಿತತೆ ಇರುವುದು ಮೋಡ ಮತ್ತು ತೇಲುಕಣಗಳಲ್ಲಿ. ಆದರೆ ಮೋಡಬೀಜಗಳನ್ನು ಬಿತ್ತುವವರಲ್ಲಿ ವಿಶ್ವಕಿರಣಕ್ಕಿಂತ ದೊಡ್ಡ ರೈತ ಮನುಷ್ಯನೇ. 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ನಡೆದ ‘ಇಂಡೋಎಕ್ಸ್’ ಸಮೀಕ್ಷೆಯಲ್ಲಿ ವೀರಭದ್ರನ್ ರಾಮನಾಥನ್ ಮತ್ತು ಸಂಗಡಿಗರು ದಕ್ಷಿಣ ಏಷ್ಯದಿಂದ ಹೊರಟ ಕಂದುಬಣ್ಣದ ಹೊಗೆಪದರ ಸಮುದ್ರದ ಮೇಲೆ ಬಹುದೂರ ಹರಡಿರುವುದನ್ನು ಕಂಡರು. ಈ ಹೊಗೆ ಹಸಿರುಮನೆ ಅನಿಲಗಳ ಬಿಸಿಯ ಒಂದು ಪಾಲನ್ನು ಮುಚ್ಚಿಟ್ಟಿದೆ. 2020ರಲ್ಲಿ ಹಡಗುಗಳ ಇಂಧನದಲ್ಲಿನ ಗಂಧಕದ ಮಿತಿಯನ್ನು ಶೇ. 3.5ರಿಂದ 0.5ಕ್ಕೆ ಇಳಿಸಿದ್ದರಿಂದ ಸಮುದ್ರದ ಮೇಲಿನ ಮೋಡಗಳು ಎಷ್ಟು ಮಂಕಾದವು ಎಂಬ ಚರ್ಚೆ ಈಗಲೂ ನಡೆದಿದೆ. 2023ರಲ್ಲಿ ಕೆಳಮಟ್ಟದ ಮೋಡ ಕಡಿಮೆಯಾಗಿ ಭೂಮಿ ಹೆಚ್ಚು ಬಿಸಿಲು ಹೀರಿತೆಂಬ ವರದಿಯೂ ಬಂದಿದೆ. ಅದಕ್ಕೆ ಶುದ್ಧವಾದ ಗಾಳಿ ಕಾರಣವೋ, ತಾಪವೃದ್ಧಿಯೇ ಮೋಡವನ್ನು ಕರಗಿಸುತ್ತಿದೆಯೋ, ಸಾಗರದ ಸಹಜ ಏರಿಳಿತವೋ ಇನ್ನೂ ತೀರ್ಮಾನವಾಗಿಲ್ಲ. ಎರಡನೆಯದಾದರೆ ಅದು ಕೆಟ್ಟ ಸುದ್ದಿ.

ಲೇಖನದ ಕೊನೆಯಲ್ಲಿ ರಾವ್ ಕೇಳಿದ್ದು ಇಷ್ಟೆ: ವಿಶ್ವಕಿರಣಗಳ ಪರಿಣಾಮವನ್ನೂ ತಾಪವೃದ್ಧಿಯ ಮುನ್ಸೂಚನೆಯಲ್ಲಿ ಗಣನೆಗೆ ತೆಗೆದುಕೊಳ್ಳಬೇಕು. ಕಾರ್ಬನ್ ಡೈಆಕ್ಸೈಡಿಗೆ ಪಾತ್ರವಿಲ್ಲವೆಂದು ಅವರು ಹೇಳಲಿಲ್ಲ. ಹಾಗೆ ಹೇಳಿದಂತೆ ಓದಿದವರು ಬೇರೆಯವರು. ಗಣನೆಗೆ ತೆಗೆದುಕೊಂಡದ್ದೂ ಆಯಿತು. ಐದು ವರ್ಷ ಪ್ರಯೋಗ ನಡೆಸಿ ಅಳೆದು, ಸಣ್ಣದೆಂದು ಪಕ್ಕಕ್ಕಿಟ್ಟದ್ದೂ ಆಯಿತು. ವಿಜ್ಞಾನದಲ್ಲಿ ಇದು ಸೋಲಲ್ಲ. ಆದರೆ ಅವರೇ ಒಂದು ಸಂಜೆ ಕುಳಿತು ತಮ್ಮ ಶೇ. 9ನ್ನು ಹನ್ನೊಂದು ವರ್ಷದ ಚಕ್ರದ ಪಕ್ಕದಲ್ಲಿಟ್ಟು ನೋಡಿದ್ದರೆ ಆ ಮೂರು ಪುಟಗಳು ಬೇರೆಯಾಗಿರುತ್ತಿದ್ದವು. ಜೀವಮಾನವಿಡೀ ವಿಶ್ವಕಿರಣ ಅಳೆದವರು ಮರೆತ ಲೆಕ್ಕ ಅದು ಎಂಬುದೇ ನನಗೆ ಆಶ್ಚರ್ಯ. ನಮ್ಮ ಬರಹಗಾರರ ಬಗೆಗೂ ಒಂದು ಮಾತು: ‘ಒಮ್ಮತ’ದ ಹೆಸರು ಹೇಳಿ ಈ ಲೇಖನವನ್ನು ತಳ್ಳಿಹಾಕಿದವರು ಹಲವರಿದ್ದಾರೆ, ನನ್ನನ್ನೂ ಸೇರಿಸಿ. ತ್ರೈರಾಶಿ ಹಾಕಿದ ಕನ್ನಡ ಬರಹವನ್ನು ನಾನು ಕಾಣೆ.

ಶಿಬಿರದ ಆ ಶಿಕ್ಷಕರಿಗೆ ಈ ಲೆಕ್ಕವನ್ನೆಲ್ಲ ಬರೆದು ಕಳಿಸಿದೆ. ಫಿನ್ಲೆಂಡಿನ ಔಲು ನ್ಯೂಟ್ರಾನ್ ಮಾಪಕದ 1964ರಿಂದೀಚಿನ ಅಂಕಿಗಳು ಉಚಿತವಾಗಿ ಸಿಗುತ್ತವೆ ಎಂದೂ ತಿಳಿಸಿದೆ. ಅವರು ಒಂಬತ್ತನೆಯ ತರಗತಿಯ ಮಕ್ಕಳಿಂದ ಗ್ರಾಫ್ ಹಾಳೆಯ ಮೇಲೆ ಎರಡು ಗೆರೆ ಎಳೆಸಿದರಂತೆ: ವಿಶ್ವಕಿರಣದ ಗೆರೆ ಗರಗಸದ ಹಲ್ಲಿನಂತೆ ಮೇಲೆ ಕೆಳಗೆ, ತಾಪದ ಗೆರೆ ತಡವರಿಸುತ್ತ ಮೇಲಕ್ಕೆ. ಒಬ್ಬ ಹುಡುಗಿ ಕೇಳಿದ ಪ್ರಶ್ನೆಯನ್ನು ಅವರು ನನಗೆ ದಾಟಿಸಿದರು. 2009ರಲ್ಲಿ ವಿಶ್ವಕಿರಣ ಎಲ್ಲಕ್ಕಿಂತ ಎತ್ತರಕ್ಕೆ ಏರಿದೆ, ಮೋಡ ಹೆಚ್ಚಿ ತಂಪಾಗಬೇಕಿತ್ತು, ಆದರೆ 2010 ಅಲ್ಲಿಯವರೆಗಿನ ಅತಿ ಬಿಸಿ ವರ್ಷಗಳ ಸಾಲಿನಲ್ಲಿದೆಯಲ್ಲ, ಯಾಕೆ? ಇಷ್ಟರಿಂದಲೇ ವಾದ ಗೆದ್ದಿತೆಂದು ತಿಳಿಯಬೇಡಿ, ಒಂದು ವರ್ಷದ ಅಂಕಿ ಸಾಲದು, 2010ರ ಆರಂಭದಲ್ಲಿ ಎಲ್ ನಿನೊ ಇತ್ತು, ಅದರ ಪಾಲನ್ನೂ ಕಳೆದು ನೋಡಿ ಎಂದು ಉತ್ತರ ಬರೆದೆ.